26ನೇ ಪುಟದ ಕರಿ ಕೋಳಿ

ಚಾಪೆಯ ಮೇಲೆ ಕೂತ ಕೂಡಲೇ ನಿಮ್ಮ ಮೊಣಕಾಲು ಮುಂದಿನ ಸಾಲಿನ ಮಕ್ಕಳ ಮೂಗಿಗೆ ತಾಗುವಷ್ಟು ಹತ್ತಿರವಾಗುತ್ತದೆ. ಧಾರವಾಡದ ಆಚೆಯ ಒಂದು ಹಳ್ಳಿ, ಸರ್ಕಾರಿ ಶಾಲೆಯ ನಲಿ-ಕಲಿ ಕೋಣೆ. ಹೆಗ್ಗಡದೇವನಕೋಟೆಯಲ್ಲಿ 1995ರಲ್ಲಿ ಚಿಗುರಿದ ಈ ಪದ್ಧತಿಯಲ್ಲಿ ಒಂದು, ಎರಡು, ಮೂರನೇ ತರಗತಿಯವರೆಲ್ಲ ಒಟ್ಟಿಗೇ ಕಲಿಯುತ್ತಾರೆ. ತಲೆಯ ಮೇಲೆ ದಾರದ ಚಪ್ಪರ. ಅದರಿಂದ ಇಳಿಬಿದ್ದ ಕಾಗದದ ಮೀನು, ಗಿಳಿ, ಎಲೆಗಳು ಫ್ಯಾನಿನ ಗಾಳಿಗೆ ಮೆಲ್ಲಗೆ ತಿರುಗುತ್ತಿವೆ. ಹೊರಗೆ ಜಿಟಿಜಿಟಿ ಮಳೆ. ಒದ್ದೆ ಸಮವಸ್ತ್ರ, ಸೀಮೆಸುಣ್ಣ, ಆಗಷ್ಟೇ ಕುಡಿದ ಬಿಸಿ ಹಾಲು, ಮೂರರ ವಾಸನೆಯೂ ಬೆರೆತು ಕೋಣೆ ಬೆಚ್ಚಗಿದೆ.

ನಿಮ್ಮ ಕೈಯಲ್ಲಿ ಡಮ್ಮಿ ಪುಸ್ತಕವಿದೆ, ಅಚ್ಚಿಗೆ ಹೋಗುವ ಮೊದಲಿನ ಕೈಮಾದರಿ. ನಿನ್ನೆ ರಾತ್ರಿ ಎಂಟು ಎ4 ಹಾಳೆಗಳನ್ನು ನಡುವೆ ಮಡಚಿದಿರಿ. ಸ್ಟೇಪ್ಲರ್ ಮಡಿಕೆಯವರೆಗೆ ಎಟುಕಲಿಲ್ಲ, ದಬ್ಬಣ ಹಿಡಿದು ಹೊಲಿದಿರಿ. ಚುಚ್ಚಿದ ತೋರುಬೆರಳು ಇನ್ನೂ ಉರಿಯುತ್ತಿದೆ. ಎಂಟು ಹಾಳೆಗೆ 32 ಪುಟ. ದೊಡ್ಡ ಕಾಗದವನ್ನು ಮೂರು ಸಲ ಮಡಚಿದರೆ 16 ಪುಟವಾಗುತ್ತದೆ, ಮುದ್ರಣಾಲಯದವರು ಅದಕ್ಕೆ ಒಂದು ಫಾರಂ ಅನ್ನುತ್ತಾರೆ. ಅಂಥ ಎರಡು ಫಾರಮ್ಮಿನಲ್ಲೇ ಹೆಚ್ಚಿನ ಚಿತ್ರಪುಸ್ತಕಗಳು ಹುಟ್ಟಿ ಮುಗಿಯುತ್ತವೆ. ಶೀರ್ಷಿಕೆ, ಪ್ರಕಾಶಕರ ವಿವರಗಳು ತಮ್ಮ ಪಾಲು ತೆಗೆದುಕೊಂಡ ಮೇಲೆ ಕಥೆಗೆ ದಕ್ಕುವುದು ಹದಿಮೂರೋ ಹದಿನಾಲ್ಕೋ ಜೋಡಿ ಪುಟ.

ಕಥೆ ಇಷ್ಟು: ಪುಟ್ಟಿಯ ಕರಿ ಕೋಳಿ ಸಂಜೆ ಗೂಡಿಗೆ ಬರುತ್ತಿಲ್ಲ. ಅವಳು ಹುಡುಕುತ್ತಾಳೆ. ಅದು ಬಣವೆಯಲ್ಲಿ ಕಾವಿಗೆ ಕೂತಿದೆ. ಆರು ತಿಂಗಳು ಬರೆದಿದ್ದೀರಿ, 740 ಪದ. ಕೊನೆಯ ಒಂದು ಸಾಲನ್ನು ಮನೆಯಲ್ಲಿ ಗಟ್ಟಿಯಾಗಿ ಓದಿದಾಗ ನಿಮ್ಮ ಕಣ್ಣೇ ತುಂಬಿತ್ತು. ಆ ಸಾಲಿನ ಮೇಲೆ ನಂಬಿಕೆಯಿಟ್ಟು ಇಲ್ಲಿಗೆ ಬಂದಿದ್ದೀರಿ.

ಓದು ಶುರುಮಾಡುತ್ತೀರಿ. ಸಂಜೆಯ ಹೊಂಬಿಸಿಲು ಹಿತ್ತಲ ತುಂಬ ಚೆಲ್ಲುತ್ತದೆ, ಪುಟ್ಟಿಯ ಕೆಂಪು ಲಂಗ ಗಾಳಿಗೆ ಹಾರುತ್ತದೆ. ನಿಮ್ಮ ಕಿವಿಗೆ ನಿಮ್ಮ ದನಿ ಇಂಪಾಗಿಯೇ ಕೇಳುತ್ತದೆ. ಆರನೇ ಪುಟದಲ್ಲಿ ಒಬ್ಬ ಹುಡುಗ ಸೊಳ್ಳೆ ಕಡಿದ ಮೀನಖಂಡವನ್ನು ಕೆರೆಯತೊಡಗುತ್ತಾನೆ. ಎಂಟನೇ ಪುಟದಲ್ಲಿ ಒಬ್ಬಳು ಚಾಪೆಯ ಎಳೆ ಕೀಳುತ್ತಿದ್ದಾಳೆ. ಹತ್ತನೇ ಪುಟಕ್ಕೆ ಹಿಂದಿನ ಸಾಲಿನಲ್ಲಿ ತಳ್ಳಾಟ. ನೀವು ದನಿ ಏರಿಸುತ್ತೀರಿ. ಗಂಟಲು ಒಣಗುತ್ತದೆ. ಬೇಗ ಓದುತ್ತೀರಿ. ಇನ್ನೂ ಬೇಗ. ಹೊಂಬಿಸಿಲು, ತಂಗಾಳಿ, ಗೋಧೂಳಿ ಎಲ್ಲ ಒಂದರ ಮೇಲೊಂದು ಬಿದ್ದು ಉರುಳುತ್ತವೆ. ಒಂದು ಕಣ್ಣೂ ಪುಸ್ತಕದ ಮೇಲಿಲ್ಲ. ಬೆನ್ನಲ್ಲಿ ಬೆವರು ಇಳಿಯುತ್ತದೆ.

ಆಗ ಮುಂದೆ ಕೂತ ಹುಡುಗ, ಮೇಲ್ದುಟಿಯಲ್ಲಿ ಹಾಲಿನ ಮೀಸೆ ಒಣಗಿದೆ, ಪಕ್ಕದವನಿಗೆ ಸಹಜವಾಗಿ ಹೇಳುತ್ತಾನೆ: "ಕಾವಿಗೆ ಕುಂತಿರ್ತೈತಿ, ಬಿಡ."

ನಿಮ್ಮ ಕೈಯಲ್ಲಿ 12ನೇ ಪುಟ. ಆ ಗುಟ್ಟು ಬಿಚ್ಚಿಕೊಳ್ಳಬೇಕಾದದ್ದು 26ರಲ್ಲಿ. ಕಿವಿಯ ತುದಿ ಬಿಸಿಯಾಗುತ್ತದೆ. ಕೇಳಿಸದವರಂತೆ ಓದಿ ಮುಗಿಸಿಬಿಡಬಹುದು. ಗದರಿಸಬಹುದು. ಎರಡರಲ್ಲೂ ಮಕ್ಕಳು ಕೈ ತಪ್ಪುತ್ತಾರೆ ಎಂದು ಹೊಟ್ಟೆಯೊಳಗಿನ ಏನೋ ಹೇಳುತ್ತದೆ. ಪುಸ್ತಕವನ್ನು ತೊಡೆಯ ಮೇಲೆ ಕವುಚಿ ಹಾಕಿ ಕೇಳುತ್ತೀರಿ: "ಎಲ್ಲಿ ಕುಂತಿರ್ತೈತಿ?"

ಕೋಣೆ ಎದ್ದು ಕೂರುತ್ತದೆ. "ಬಣವ್ಯಾಗ್ರಿ!" "ನಮ್ಮ ಕೋಳಿ ಅಜ್ಜನ ಹಳೇ ಬುಟ್ಟ್ಯಾಗ ಕುಂತಿತ್ರಿ!" "ಇಪ್ಪತ್ತೊಂದು ದಿನಾರೀ, ಕಾಳು ತಿನ್ನಾಕಷ್ಟ ಏಳತೈತಿ!" "ಹಂತ್ಯಾಕ ಹೋದ್ರ ಕುಕ್ಕತೈತ್ರಿ!" ಒಬ್ಬಳು ತನ್ನ ಮುಂಗೈಯ ಹಳೆಯ ಗಾಯದ ಗುರುತನ್ನು ನಿಮ್ಮ ಕಣ್ಣಿನ ಹತ್ತಿರಕ್ಕೇ ಹಿಡಿಯುತ್ತಾಳೆ. ನಿಮ್ಮ ಕಥೆ ತೊಡೆಯ ಮೇಲೆ ಕವುಚಿ ಬಿದ್ದಿದೆ. ಕೋಣೆಯ ತುಂಬ ಕೋಳಿಗಳು. ಗಂಟೆ ಬಾರಿಸುತ್ತದೆ.

ರಾತ್ರಿ. ಮಳೆ ಹೆಂಚಿನ ಮೇಲೆ ಜೋರಾಗಿದೆ. ಚಹಾ ಆರಿ ಕೆನೆಗಟ್ಟಿದೆ. ಟೇಬಲ್ಲಿನ ಮೇಲೆ ಡಮ್ಮಿ, ಪಕ್ಕದಲ್ಲಿ ಕೆಂಪು ಪೆನ್ನು. ಬೆಳಗಿನ ಅವಮಾನ ಎದೆಯಲ್ಲಿ ಕಲ್ಲಾಗಿ ಕೂತಿದೆ. ಆದರೆ ಅದರಡಿಯಲ್ಲಿ ಬೇರೊಂದು ಪ್ರಶ್ನೆ ಮಿಸುಕುತ್ತಿದೆ: ಮಕ್ಕಳಿಗೆ ಗೊತ್ತಿರುವುದನ್ನು ಅವರಿಂದಲೇ ಯಾಕೆ ಮುಚ್ಚಿಟ್ಟೆ?

ಕಪಾಟಿನಿಂದ ಒಂದು ತೆಳ್ಳನೆಯ ಪುಸ್ತಕ ತೆಗೆಯುತ್ತೀರಿ. ಇಂಗ್ಲೆಂಡಿನ ಪ್ಯಾಟ್ ಹಚಿನ್ಸ್ ಬರೆದು ಚಿತ್ರಿಸಿದ, 1968ರ 'ರೋಸೀಸ್ ವಾಕ್'. ಒಂದು ಕೋಳಿ ತೋಟದೊಳಗೆ ತಿರುಗಾಡಿ ಮನೆಗೆ ಬರುತ್ತದೆ, ಬರಹ ಹೇಳುವುದು ಅಷ್ಟನ್ನೇ, 32 ಇಂಗ್ಲಿಷ್ ಪದಗಳಲ್ಲಿ. ಚಿತ್ರದಲ್ಲಿ ಮಾತ್ರ ಅದರ ಹಿಂದೆ ಒಂದು ನರಿ ಹೊಂಚುತ್ತಿದೆ. ನರಿ ಎಂಬ ಪದ ಪುಸ್ತಕದಲ್ಲೆಲ್ಲೂ ಇಲ್ಲ. ಹಿಂದೆ ಎಷ್ಟೋ ಸಲ ನೋಡಿ, ಇದೇನು ಸುಲಭ ಎಂದುಕೊಂಡು ಮುಚ್ಚಿಟ್ಟದ್ದುಂಟು. ಇವತ್ತು ಬೆಳಗಿನ ಆ ಕೋಣೆಯ ಕೂಗು ಕಿವಿಯಲ್ಲಿರುವುದರಿಂದ ಬೇರೆಯೇ ಕಾಣುತ್ತದೆ. ಬರಹಕ್ಕೆ ಗೊತ್ತಿಲ್ಲದ್ದು ಮಗುವಿಗೆ ಗೊತ್ತು. ಹಾಗಾಗಿ ಮಗು ಸುಮ್ಮನಿರಲಾರದು. ಅದರ ಪಕ್ಕದಲ್ಲಿರುವ ಮಾರಿಸ್ ಸೆಂಡಾಕ್‌ನ 'ವೇರ್ ದ ವೈಲ್ಡ್ ಥಿಂಗ್ಸ್ ಆರ್' ಅನ್ನೂ ಬಿಡಿಸುತ್ತೀರಿ. 1963ರ ಆ ಪುಸ್ತಕದಲ್ಲಿರುವುದು 338 ಪದ. ಹುಡುಗ ಮತ್ತು ಕಾಡುಜೀವಿಗಳು ಕುಣಿದು ಕುಪ್ಪಳಿಸುವ ಜಾಗ ಬಂದಾಗ ಮೂರು ಜೋಡಿ ಪುಟಗಳಲ್ಲಿ ಒಂದಕ್ಷರವೂ ಇಲ್ಲ. ಗದ್ದಲ ಹೆಚ್ಚಾದಷ್ಟೂ ಬರಹ ಹಿಂದೆ ಸರಿದು ನಿಂತಿದೆ.

ಚಿತ್ರ ಬರೆಯುವ ಗೆಳತಿಗೆ ಫೋನ್ ಮಾಡುತ್ತೀರಿ. ರಾತ್ರಿ ಹತ್ತು ದಾಟಿದೆ. ಕೋಳಿ ಮೊದಲ ಪುಟದಿಂದಲೇ ಕಾಣಿಸಲಿ, ಪುಟ್ಟಿಗೊಬ್ಬಳಿಗೆ ಕಾಣದಿರಲಿ ಎನ್ನುತ್ತೀರಿ. ಒಂದು ಕಡೆ ಬಾಲದ ತುದಿ, ಇನ್ನೊಂದು ಕಡೆ ಬಣವೆಯ ಬುಡದಲ್ಲಿ ಒಂದು ಗರಿ. ಆಚೆ ಕಡೆ ಕ್ಷಣ ಮೌನ. "ಹಂಗಾದ್ರ ಅದನ್ನ ನೀವು ಬರೀಬ್ಯಾಡ್ರಿ," ಅನ್ನುತ್ತಾರೆ ಅವರು, "ನನಗ ಬಿಡ್ರಿ."

ಬಿಡುವುದು ಅಂದಷ್ಟು ಸುಲಭವಲ್ಲ. ಕೆಂಪು ಲಂಗ ಹೊಡೆದು ಹಾಕುತ್ತೀರಿ, ಬಣ್ಣ ಚಿತ್ರದ ಪಾಲು. ಹೊಂಬಿಸಿಲು ಹೋಗುತ್ತದೆ. ತಂಗಾಳಿ ಹೋಗುತ್ತದೆ. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಿಂದ ನಡೆಸುತ್ತಿರುವ ಸ್ಟೋರಿವೀವರ್‌ನಲ್ಲಿ ಆಗಷ್ಟೇ ಓದಲು ಕಲಿಯುವವರ ಕಥೆಗಳು 250 ಪದದೊಳಗೇ ಮುಗಿಯುತ್ತವೆ. ನೀವಿನ್ನೂ ನಾನೂರರಲ್ಲಿದ್ದೀರಿ. ಪೆನ್ನು ಕೊನೆಯ ಪುಟಕ್ಕೆ ಬರುತ್ತದೆ. ತಾಯಿಯ ತಾಳ್ಮೆಯೇ ಜಗತ್ತಿನ ಬೆಚ್ಚನೆಯ ಗೂಡು. ನಿಮ್ಮ ಕಣ್ಣು ತುಂಬಿಸಿದ ಸಾಲು.

ಕೈ ಮುಂದೆ ಹೋಗುವುದಿಲ್ಲ. ಈ ಸಾಲಿಗಾಗಿಯೇ ಕಥೆ ಬರೆದದ್ದು. ಇದನ್ನು ಬಿಟ್ಟರೆ ಇನ್ನೇನು ಉಳಿಯುತ್ತದೆ? ಮೆಲ್ಲಗೆ ಮತ್ತೊಮ್ಮೆ ಓದುತ್ತೀರಿ. ಇದನ್ನು ಹೇಳುತ್ತಿರುವವರು ಯಾರು? ಪುಟ್ಟಿಯಲ್ಲ. ಕೋಳಿಯಂತೂ ಅಲ್ಲ. ಕಥೆಯೊಳಕ್ಕೆ ಬಗ್ಗಿ, ಮಗುವಿನ ಕಿವಿಯ ಹತ್ತಿರ ಬಾಯಿಟ್ಟಿರುವವರು ನೀವು. ಹೊಟ್ಟೆ ಹಿಂಡುತ್ತದೆ. ಗೆರೆ ಎಳೆಯುತ್ತೀರಿ. ಮಳೆಯ ಸದ್ದು ಇದ್ದಕ್ಕಿದ್ದಂತೆ ಕೋಣೆಯೊಳಗೇ ಬಂದಂತೆ ಕೇಳುತ್ತದೆ.

ಈಗ ಕಿವಿಯ ಕೆಲಸ. ಪಂಜೆ ಮಂಗೇಶರಾಯರ, ಜಿ.ಪಿ. ರಾಜರತ್ನಂ ಅವರ ಪದ್ಯಗಳು ನಿಮಗೆ ಅಕ್ಷರ ಬರುವ ಮೊದಲೇ ಬಾಯಿಗೆ ಬಂದಿದ್ದವು. ಅಜ್ಜಿಯ ತೊಡೆಯ ಅಲುಗಾಟದ ಜೊತೆಗೇ ಅವು ಮೈಗೆ ಇಳಿದಿದ್ದವು. ಹಾಗೆ ಬಾಯಿಗೆ ಹತ್ತುವಂಥದ್ದು ಏನಾದರೂ ಬೇಕು. ಪುಟ್ಟಿ ಕೋಳಿಯನ್ನು ಹೇಗೆ ಕರೆಯುತ್ತಾಳೆ? ಎದ್ದು, ಕತ್ತಲ ಹಿತ್ತಲಿಗೆ ಮುಖ ಮಾಡಿ ನೀವೇ ಕರೆದು ನೋಡುತ್ತೀರಿ: "ಬಾ ಬಾ ಬಾ, ಕರಿ ಕೋಳಿ ಬಾ." ಕಾಲು ತಾನಾಗಿ ತಾಳ ಹಾಕುತ್ತದೆ. ಇದು ಪ್ರತಿ ಜೋಡಿ ಪುಟದಲ್ಲೂ ಬರಲಿ.

ಇನ್ನುಳಿದದ್ದು 25ನೇ ಪುಟ. ಬಲಗಡೆಯ ಪುಟ, ಅದರ ಕೆಳಮೂಲೆಯಲ್ಲಿ ಬೆರಳಿಟ್ಟು ತಿರುವಬೇಕು. ಈಗಿರುವ ವಾಕ್ಯ: ಪುಟ್ಟಿ ಬಣವೆಯೊಳಗೆ ಕರಿ ಕೋಳಿಯನ್ನು ಕಂಡಳು. ಕಂಡಳು ಅಂದಮೇಲೆ ಮುಗಿಯಿತು, ತಿರುವುವುದಕ್ಕೆ ಏನೂ ಉಳಿಯಲಿಲ್ಲ. ಆದರೆ ಕನ್ನಡದಲ್ಲಿ ಕ್ರಿಯೆ ಬರುವುದು ವಾಕ್ಯದ ಕೊನೆಗೆ. ಅದು ಬರುವ ತನಕ ಕೇಳುವವರ ಉಸಿರನ್ನು ಎಷ್ಟು ದೂರ ಬೇಕಾದರೂ ಎಳೆದುಕೊಂಡು ಹೋಗಬಹುದು. ಬರೆಯುತ್ತೀರಿ: ಪುಟ್ಟಿ ಬಗ್ಗಿ, ಹುಲ್ಲು ಸರಿಸಿ, ಒಳಗೆ ಇಣುಕಿ. ಒಂದೊಂದು ಮಾತೂ ಅರ್ಧ ತೆರೆದ ಬಾಗಿಲು. ಅಲ್ಲಿಗೇ ಪುಟ ಮುಗಿಯಲಿ.

26, 27ರಲ್ಲಿ ಏನು ಬರೆಯುವುದು? ಪೆನ್ಸಿಲಿನಲ್ಲಿ 'ಕಂಡಳು' ಎಂದು ಬರೆದು ಅಳಿಸುತ್ತೀರಿ. ಮತ್ತೆ ಬರೆಯುತ್ತೀರಿ. ಅವರಿಗೆ ತಿಳಿಯದೇ ಹೋದರೆ? ಬರೀ ಚಿತ್ರ ನೋಡಿ ಬೆಳಗಿನ ಹಾಗೆ ಕೆರೆದುಕೊಳ್ಳುತ್ತ ಕೂತರೆ? ಅಳಿಸುತ್ತೀರಿ. ಕಾಗದ ಅಲ್ಲಿ ತರಿತರಿಯಾಗಿದೆ. ಹಾಗೇ ಖಾಲಿ ಬಿಟ್ಟು ದೀಪ ಆರಿಸುತ್ತೀರಿ.

ಮೂರು ವಾರದ ಮೇಲೆ ಅದೇ ಕೋಣೆ, ಅದೇ ಚಾಪೆ. ಹೊಸ ಡಮ್ಮಿಯಲ್ಲಿ ಗೆಳತಿಯ ಪೆನ್ಸಿಲ್ ಚಿತ್ರಗಳಿವೆ, 180 ಪದಗಳಿವೆ. ನಿಮ್ಮ ಅಂಗೈ ತಣ್ಣಗಾಗಿದೆ. ಮೊದಲ ಪುಟ ಬಿಡಿಸಿ ಇನ್ನೂ ಬಾಯಿ ತೆರೆದಿಲ್ಲ, ಒಂದು ಬೆರಳು ಬಂದು ಚಿತ್ರಕ್ಕೆ ತಾಗುತ್ತದೆ. "ಅಲ್ಲೈತಿ!"

ಎರಡನೇ ಸಲಕ್ಕೇ "ಬಾ ಬಾ ಬಾ" ನಿಮ್ಮದಾಗಿ ಉಳಿಯುವುದಿಲ್ಲ. ಇಡೀ ಕೋಣೆ ಕರೆಯುತ್ತದೆ, ಚಪ್ಪರದ ಮೀನುಗಳೂ ನಡುಗುವಷ್ಟು ಜೋರಾಗಿ. ಪುಟ್ಟಿ ಗೂಡಿನಲ್ಲಿ ನೋಡುತ್ತಾಳೆ, ಅಟ್ಟದ ಮೇಲೆ ನೋಡುತ್ತಾಳೆ. "ಹಿಂದ ನೋಡ, ಪುಟ್ಟಿ!" ಹಾಲಿನ ಮೀಸೆಯ ಹುಡುಗ ಮೊಣಕಾಲ ಮೇಲೆ ಎದ್ದಿದ್ದಾನೆ. "ಹಿಂದ!" ಪುಟ್ಟಿ ತಿರುಗುವುದಿಲ್ಲ. ಅವರಿಗೆ ತಡೆಯಲಾಗುತ್ತಿಲ್ಲ. 20. 22. 24. ಅವರೆಲ್ಲ ಹತ್ತಿರ ಹತ್ತಿರ ಸರಿಯುತ್ತಿದ್ದಾರೆ. ಬಿಸಿ ಉಸಿರು ನಿಮ್ಮ ಮುಂಗೈಗೆ ತಾಗುತ್ತದೆ. ದನಿ ತಗ್ಗಿಸುತ್ತೀರಿ.

"ಪುಟ್ಟಿ ಬಗ್ಗಿ... ಹುಲ್ಲು ಸರಿಸಿ... ಒಳಗೆ ಇಣುಕಿ..."

ನಿಲ್ಲಿಸುತ್ತೀರಿ. ಫ್ಯಾನಿನ ಸದ್ದು ಮಾತ್ರ. ನಿಮ್ಮ ಹೆಬ್ಬೆರಳು ಪುಟದ ಮೂಲೆಯಲ್ಲಿದೆ, ತಿರುವಲು ಆಗುತ್ತಿಲ್ಲ. ಆಗ ಒಬ್ಬ ಪುಟ್ಟ ಹುಡುಗಿ, ಹೋದ ಸಲ ಚಾಪೆಯ ಎಳೆ ಕೀಳುತ್ತ ಒಂದು ಮಾತೂ ಆಡದೆ ಕೂತಿದ್ದವಳು, ಮುಂದಕ್ಕೆ ತೆವಳಿ ಬರುತ್ತಾಳೆ. ಬೆರಳನ್ನು ನಾಲಗೆಗೆ ಒತ್ತಿಕೊಂಡು, ನಿಮ್ಮ ಹೆಬ್ಬೆರಳನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ ಪುಟ ತಿರುವುತ್ತಾಳೆ.

ಎರಡೂ ಪುಟ ತುಂಬ ಕತ್ತಲ ಹುಲ್ಲು. ನಡುವೆ ಒಂದು ದುಂಡು ಕಣ್ಣು. ರೆಕ್ಕೆಯಡಿಯಿಂದ ಹೊರಬಂದ ಸಣ್ಣ ಸಣ್ಣ ಕೊಕ್ಕುಗಳು.

ಯಾರೂ ಮಾತಾಡುವುದಿಲ್ಲ. ಒಂದು ಕ್ಷಣ. ಎರಡು. ನಿಮ್ಮ ಎದೆ ಕಿವಿಯಲ್ಲಿ ಬಡಿಯುತ್ತಿದೆ. ತಿಳಿಯಲಿಲ್ಲವೇ? ಒಂದು ಪದ ಹೇಳಿಬಿಡಲೇ? ನಾಲಗೆಯ ತುದಿಗೆ ಬಂದದ್ದನ್ನು ಹಲ್ಲು ಕಚ್ಚಿ ತಡೆಯುತ್ತೀರಿ.

"ಸಿಕ್ತು," ಅನ್ನುತ್ತಾಳೆ ಆ ಹುಡುಗಿ, ಪಿಸುಮಾತಿನಲ್ಲಿ, ಮರಿಗಳು ಎದ್ದುಬಿಟ್ಟಾವು ಎಂಬಂತೆ.

ನೀವು ಹುಡುಕಿದ್ದ ಪದ ಇದಲ್ಲ. ಆ ವಾಕ್ಯಕ್ಕೆ ವ್ಯಾಕರಣದಲ್ಲಿ ಇದು ಹೊಂದುವುದೂ ಇಲ್ಲ. ಆದರೂ ಮೂರು ವಾರದಿಂದ ತೆರೆದೇ ಇದ್ದ ವಾಕ್ಯ ಅವಳ ಬಾಯಲ್ಲಿ ಮುಗಿಯುತ್ತದೆ. ಹಾಲಿನ ಮೀಸೆಯವನು ಕೊಕ್ಕುಗಳನ್ನು ಎಣಿಸತೊಡಗುತ್ತಾನೆ. ಎಂಟೋ ಒಂಬತ್ತೋ ಎಂದು ಜಗಳ ಹತ್ತುತ್ತದೆ. ಅಷ್ಟರಲ್ಲಿ ಪುಸ್ತಕ ನಿಮ್ಮ ಕೈ ಬಿಟ್ಟು ಚಾಪೆಯ ನಡುವೆ ಹೋಗಿದೆ. ಹುಡುಗಿ ಮೊದಲ ಪುಟಕ್ಕೆ ಮರಳಿ, ಓದಲು ಬಾರದ ಸಾಲುಗಳ ಮೇಲೆ ಬೆರಳಾಡಿಸುತ್ತ, ಪಕ್ಕದವಳಿಗೆ ತನ್ನ ಮಾತಿನಲ್ಲಿ ಹೇಳತೊಡಗುತ್ತಾಳೆ.

ಗಂಟೆ ಬಾರಿಸಿ ಕೋಣೆ ಖಾಲಿಯಾದ ಮೇಲೆ ಡಮ್ಮಿಯನ್ನು ಎತ್ತಿಕೊಳ್ಳುತ್ತೀರಿ. 25ನೇ ಪುಟದ ಕೆಳಮೂಲೆ ಮೆತ್ತಗಾಗಿದೆ. ಅವಳ ಬೆರಳಿನ ಒದ್ದೆ ಇನ್ನೂ ಆರಿಲ್ಲ.