ಕ್ರೈಂ ಬರೆಯುವವರ ಅರ್ಹತೆ

‘ಪೊಲೀಸರೆಲ್ಲ ನಂಗೆ ಪರಿಚಯ, ಆರೋಪಿಯನ್ನೇ ಮಾತಾಡಿಸಿದ್ದೇನೆ’ ಅನ್ನುವುದೇ ನಿಜ ಅಪರಾಧದ ಕತೆ ಬರೆಯುವವರ ಅರ್ಹತೆಯಾಗಿಬಿಟ್ಟಿದೆ. ಹಾಗಾದರೆ ಮೆಡೋಸ್ ಟೇಲರ್‌ಗಿಂತ ಅರ್ಹರು ಯಾರಿದ್ದರು? ಮುಂದೆ ಸುರಪುರದ ಆಡಳಿತ ನೋಡಿಕೊಂಡ ಈ ಬ್ರಿಟಿಷ್ ಅಧಿಕಾರಿ, ಸಿಕ್ಕಿಬಿದ್ದ ಥಗ್ಗರ (ದಾರಿಹೋಕರನ್ನು ಕೊಂದು ದೋಚುತ್ತಿದ್ದವರ) ಹೇಳಿಕೆಗಳನ್ನು ಖುದ್ದಾಗಿ ಕೇಳಿ 1839ರಲ್ಲಿ ‘ಕನ್ಫೆಷನ್ಸ್ ಆಫ್ ಎ ಥಗ್’ ಪ್ರಕಟಿಸಿದ. ಹೆಸರಿಗೆ ತಪ್ಪೊಪ್ಪಿಗೆ, ಒಳಗಿರುವುದು ಕಾದಂಬರಿ. ಅವನಿಗೆ ಇಲ್ಲಿನ ಭಾಷೆ ಬರುತ್ತಿತ್ತು, ಜನ ಗೊತ್ತಿತ್ತು ಎನ್ನಬಹುದು, ನಿಜವೇ. ಆದರೆ ಬಾಯಿಬಿಟ್ಟವರು ಮಾಫಿ ಸಾಕ್ಷಿಗಳು. ಸಾಹೇಬರಿಗೆ ಬೇಕಾದ್ದನ್ನು ಹೇಳಿದರೆ ನೇಣು ತಪ್ಪುತ್ತಿತ್ತು. (ಇಂದಿನ ಯೂಟ್ಯೂಬ್ ಸಂದರ್ಶನಗಳಲ್ಲಿ ಆ ಭಯವೂ ಇಲ್ಲ ಬಿಡಿ.) ಹಾಗಾಗಿ ಪರಿಚಯವೊಂದೇ ಸಾಲದು; ನಮ್ಮ ಚನ್ನರಾಯನದುರ್ಗ, ಮಧುಗಿರಿ ಕಡೆಯ ಕೊಲೆ ಕೇಸಿನ ಬಗ್ಗೆ ಯಾರೇ ಬರೆದರೂ ಮೊದಲು ಕೇಳಿ: ಚಾರ್ಜ್‌ಶೀಟ್ ಓದಿದ್ದೀರಾ? ಪಾಟೀಸವಾಲಿನಲ್ಲಿ ಸಾಕ್ಷಿ ಏನಂದ? ತೀರ್ಪಿನ ಪ್ರತಿ ಎಲ್ಲಿ?