ಕೈಯಳತೆಗೆ ತಕ್ಕ ಕೋಲು

64ನೆಯ ವಯಸ್ಸಿನಲ್ಲಿ ನಾನು ಗಾಲ್ಫ್ ಆಟವನ್ನು ಕಲಿಯತೊಡಗಿದೆನೆಂದರೆ ಓದುಗ ಬಂಧುಗಳು ನಕ್ಕಾರು. ನಗಲಿ, ಮೊದಲು ನನಗೂ ನಗು ಬಂದದ್ದುಂಟು. ಮಠದ ವಿದ್ಯಾರ್ಥಿನಿಲಯದಲ್ಲಿ ಬೆಳೆದು, 34 ವರ್ಷ ವ್ಯಾಕರಣ ಛಂದಸ್ಸುಗಳನ್ನು ಪಾಠ ಹೇಳಿದವನಿಗೂ ಸಿರಿವಂತರ ಆ ಹಸಿರು ಬಯಲಿಗೂ ಎಲ್ಲಿಯ ನಂಟು? ಆದರೆ 2023ರಲ್ಲಿ ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿದ ವೈದ್ಯರು ದಿನವೂ ನಡೆಯಲೇಬೇಕೆಂದು ಕಟ್ಟಪ್ಪಣೆ ಮಾಡಿದರು. ಮನೆಯಾಕೆ ಲಿಂಗೈಕ್ಯಳಾದ ಬಳಿಕ ನಾನು ವೈಟ್‌ಫೀಲ್ಡಿನಲ್ಲಿ ಮಗನ ಮನೆಯಲ್ಲಿದ್ದೇನೆ. ಆ ಬಹುಮಹಡಿ ಕಟ್ಟಡದ ಸುತ್ತ ಗಾಣದೆತ್ತಿನಂತೆ ಸುತ್ತಿ ಸುತ್ತಿ ಬೇಸರವಾಗಿತ್ತು. ಶನಿವಾರಗಳಂದು ಗಾಲ್ಫ್ ಅಭ್ಯಾಸಕ್ಕೆ ಹೋಗುತ್ತಿದ್ದ ಮಗ ಒಂದು ದಿನ, "ಅಪ್ಪಾಜಿ, ನೀವೂ ಬನ್ನಿ. 18 ಗುಳಿ ಆಡಿ ಮುಗಿಸುವಷ್ಟರಲ್ಲಿ ಏಳೆಂಟು ಕಿಲೋಮೀಟರು ನಡೆದಿರುತ್ತೀರಿ, ನಡೆದದ್ದೇ ಗೊತ್ತಾಗುವುದಿಲ್ಲ" ಎಂದ. ಅವನೂ ನಾನೂ ಹತ್ತು ಮಾತು ಕೂಡಿ ಆಡಿ ವರ್ಷಗಳೇ ಆಗಿದ್ದವು. ಹಾಗಾಗಿ ಹೊರಟೆ.

ಇದು ನಮ್ಮ ಊರಿಗೆ ಹೊಸ ಆಟವೇನೂ ಅಲ್ಲ. ಬೆಂಗಳೂರು ಗಾಲ್ಫ್ ಕ್ಲಬ್ ಆರಂಭವಾದದ್ದು 1876ರಲ್ಲಿ. ನಮ್ಮೂರಿನಲ್ಲೇ ಹುಟ್ಟಿ ಬೆಳೆದ ಅದಿತಿ ಅಶೋಕ್ 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸಿನಲ್ಲಿ ನಾಲ್ಕನೆಯ ಸ್ಥಾನಕ್ಕೆ ಬಂದು, ಕೂದಲೆಳೆಯಲ್ಲಿ ಪದಕ ತಪ್ಪಿಸಿಕೊಂಡುದನ್ನು ಮನೆಮಂದಿಯೆಲ್ಲ ಕುಳಿತು ನೋಡಿದ್ದೆವು. ಅಂದು ಆಕೆಯ ಚೀಲವನ್ನು ಹೊತ್ತವರು ಹೆತ್ತ ತಾಯಿ. ಅದಕ್ಕೆ ಹಿಂದಿನ ರಿಯೋ ಒಲಿಂಪಿಕ್ಸಿನಲ್ಲಿ ಹೊತ್ತವರು ತಂದೆ. ಆಟಕ್ಕಿಂತ ಆ ಸಂಗತಿಯೇ ನನ್ನ ಮನಸ್ಸಿನಲ್ಲಿ ನಿಂತಿತು.

ಇಲ್ಲಿ ಒಂದು ಮಾತು. ಇಂಗ್ಲಿಷಿನವರು ಆಡುವ ಸಾಧನವನ್ನೂ ಕ್ಲಬ್ಬೆನ್ನುತ್ತಾರೆ, ಆಡುವವರ ಸಂಘವನ್ನೂ ಕ್ಲಬ್ಬೆನ್ನುತ್ತಾರೆ. ಗೊಂದಲವಾಗದಿರಲೆಂದು ನಾನು ಸಾಧನವನ್ನು ಕೋಲೆಂದೇ ಕರೆಯುತ್ತೇನೆ.

ಮೊದಲ ದಿನ ಮಗ ತನ್ನ ಗೆಳೆಯರೊಬ್ಬರ ಪೂರ್ತಿ ಚೀಲವನ್ನೇ ನನಗಾಗಿ ಎರವಲು ತಂದಿದ್ದ. ಅದರಲ್ಲಿ 14 ಕೋಲುಗಳು, ಎಲ್ಲವೂ ಹೆಸರಾಂತ ಕಂಪನಿಯವು. ಬಕೆಟ್ಟಿನ ತುಂಬ ಚೆಂಡು ಕೊಟ್ಟರು. ಹೊಡೆದರೆ ಚೆಂಡು ಏಳಲೊಲ್ಲದು; ಇಲಿಯ ಹಾಗೆ ನೆಲ ಹಿಡಿದು ಓಡುವುದು. ಅರ್ಧ ಗಂಟೆಗೆ ಮಣಿಕಟ್ಟು ಬಾತುಕೊಂಡಿತು. ಮೂರು ವಾರ ಹೀಗೆಯೇ ಕಳೆಯಿತು. ಇದು ನನ್ನ ವಯಸ್ಸಿನ ದೋಷ, ಸಾಕಿನ್ನು ಎಂದು ನಾನು ತೀರ್ಮಾನಿಸಿದ್ದೆ. ಮಗನದು ಬೇರೆ ತೀರ್ಮಾನ. 2024ರ ಏಪ್ರಿಲ್ ತಿಂಗಳಲ್ಲಿ ಒಂದು ಅಂಗಡಿಗೆ ಕರೆದೊಯ್ದು, 2 ಲಕ್ಷಕ್ಕೆ ಸಮೀಪದ ಹೊಸ ಸೆಟ್ಟೊಂದನ್ನು ತೋರಿಸಿ, "ತೆಗೆದುಕೊಳ್ಳಿ ಅಪ್ಪಾಜಿ, ಕಂತಿನಲ್ಲಿ ಕಟ್ಟಿದರಾಯಿತು" ಎಂದ. ಕಲಿಯುವವನಿಗೆ ಇದೇಕೆ ಈ ದುಂದು ಎಂದೆ. ಅಂಗಡಿಯವರ ಎದುರಿಗೇ ಅವನ ಮುಖ ಕೆಂಪಾಯಿತು. "ನಾನು ಕೊಡಿಸುವುದು ನಿಮಗೆ ಎಂದೂ ಹಿಡಿಸಿದ್ದಿಲ್ಲ ಬಿಡಿ" ಎಂದವನು ಮನೆ ಸೇರುವತನಕ ಬಾಯಿ ಬಿಡಲಿಲ್ಲ.

ಆ ಮಾತಿನ ಬೇರು ನನಗೆ ಗೊತ್ತಿತ್ತು. ಮೊದಲ ಸಂಬಳದಲ್ಲಿ ಅವನು ನನಗೆಂದು ಒಂದು ಕೈಗಡಿಯಾರ ತಂದಿದ್ದ. ಅಂದೂ ಇದೇ 'ದುಂದು' ಎಂಬ ಮಾತನ್ನಾಡಿ ಹಿಂದಿರುಗಿಸಿದ್ದೆ. ಸರಳತೆಯೆಂಬುದು ನನಗೆ ಮಠ ಕಲಿಸಿದ ಪಾಠ. ಅದನ್ನು ಮಗನ ಮೇಲೆ ಕಲ್ಲಿನಂತೆ ಎಸೆಯಲು ಯಾರೂ ಕಲಿಸಿರಲಿಲ್ಲ.

ಹಟಕ್ಕೆ ಬಿದ್ದು ಅಗ್ಗದ ಕೋಲನ್ನು ನಾನೇ ಹುಡುಕುವೆನೆಂದು ಹೊರಟವನು ಮೊದಲ ಹೆಜ್ಜೆಯಲ್ಲೇ ಎಡವಿದೆ. ನೆರೆಯ ಬಡಾವಣೆಯ ಒಬ್ಬರಿಂದ 2,500 ರೂಪಾಯಿಗೆ ಹಳೆಯ ಡ್ರೈವರ್ ಕೊಂಡೆ. ಡ್ರೈವರ್ ಎಂದರೆ ಎಲ್ಲಕ್ಕಿಂತ ಉದ್ದನೆಯ, ದೊಡ್ಡ ತಲೆಯ ಕೋಲು. ಮೂರನೆಯ ಹೊಡೆತಕ್ಕೆ ಚೆಂಡು ಇದ್ದಲ್ಲೇ ಇತ್ತು. ಕೋಲಿನ ತಲೆ ಕಿತ್ತು ನಲವತ್ತು ಹೆಜ್ಜೆ ಆಚೆ ಹೋಗಿ ಬಿದ್ದಿತು. ಕುತ್ತಿಗೆಯ ಬಳಿಯ ಬಿರುಕನ್ನು ಬಣ್ಣದಿಂದ ಮುಚ್ಚಿದ್ದರು. ಅಭ್ಯಾಸಕ್ಕೆ ಬಂದವರೆಲ್ಲ ನಕ್ಕರು. ನನ್ನ ಮಗ ನಗಲಿಲ್ಲ. ಹೋಗಿ ಆ ತಲೆಯನ್ನು ಹೆಕ್ಕಿ ತಂದುಕೊಟ್ಟ.

ಮುರಿದ ಕೋಲನ್ನು ಚೀಲದಲ್ಲಿಟ್ಟುಕೊಂಡು ಪೀಣ್ಯಕ್ಕೆ ಹೊರಟೆ. ಅಲ್ಲಿ ನನ್ನ ಅಳಿಯಂದಿರು ಸಣ್ಣದೊಂದು ವರ್ಕ್‌ಶಾಪ್ ನಡೆಸುತ್ತಾರೆ. ನೇರಳೆ ಮಾರ್ಗದ ಮೆಟ್ರೋದಲ್ಲಿ ಮೆಜೆಸ್ಟಿಕ್ಕಿನವರೆಗೆ ಬಂದು, ಹಸಿರು ಮಾರ್ಗಕ್ಕೆ ಬದಲಾಯಿಸಿದರೆ ಊರಿನ ಈ ತುದಿಯಿಂದ ಆ ತುದಿ. ಅಂದು ಎರವಲು ಚೀಲದ ಏಳನೆಯ ಐರನ್ನನ್ನೂ ಒಯ್ದಿದ್ದೆ. ಅಳಿಯಂದಿರು ಗಾಲ್ಫ್ ಆಡಿದವರಲ್ಲ. ಆದರೆ ಲೋಹ ಅವರಿಗೆ ಮಾತೃಭಾಷೆ. ಕೋಲನ್ನು ಬೆರಳ ಮೇಲೆ ತೂಗಿ ನೋಡಿ, ದಂಡವನ್ನು ಬಗ್ಗಿಸಿ, "ಮಾವನವರೇ, ಇದು ಇಪ್ಪತ್ತೈದರ ಹುಡುಗನಿಗೆ ಮಾಡಿದ್ದು" ಎಂದರು.

ಅವರು ಬಿಡಿಸಿ ಹೇಳಿದ್ದು ಇಷ್ಟು. ಉಕ್ಕಿನ ದಂಡ ಸುಮಾರು 100ರಿಂದ 130 ಗ್ರಾಂ ತೂಗುತ್ತದೆ. ಗ್ರಾಫೈಟಿನದು ಹೆಚ್ಚಾಗಿ 50ರಿಂದ 80 ಗ್ರಾಂ. ದಂಡದ ಬಿಗುವಿಗೂ ಗುರುತುಂಟು: ಎಸ್ ಎಂದರೆ ಬಿಗಿ, ಆರ್ ಎಂದರೆ ಸಾಧಾರಣ, ಎ ಎಂದರೆ ವಯಸ್ಸಾದವರಿಗೆ ಹೊಂದುವ ಮೆದು, ಎಲ್ ಎಂದರೆ ಮಹಿಳೆಯರಿಗಾಗಿ ಇನ್ನೂ ಮೆದು. ವೇಗವಾಗಿ ಬೀಸುವವನಿಗೆ ಬಿಗಿಯಾದ ದಂಡ ಬೇಕು; ನನ್ನಂತೆ ನಿಧಾನವಾಗಿ ಬೀಸುವವನಿಗೆ ಅದು ಬಗ್ಗುವುದೇ ಇಲ್ಲ, ಪೆಟ್ಟಿನ ಅದುರು ನೆಟ್ಟಗೆ ಮಣಿಕಟ್ಟಿಗೆ ಬರುತ್ತದೆ. ಎರವಲು ಕೋಲಿನ ಮೇಲೆ ಎಸ್ ಎಂದು ಬರೆದಿತ್ತು. ಇನ್ನು ತಲೆಯ ಮಾತು. ಕಾಯಿಸಿ ಬಡಿದು ಮಾಡಿದ ತೆಳು ತಲೆ ನುರಿತವರಿಗೆ. ನಟ್ಟನಡುವೆ ತಗುಲದಿದ್ದರೆ ಅದು ಕ್ಷಮಿಸುವುದಿಲ್ಲ. ಎರಕದ ತಲೆ ಅಗ್ಗ. ಬೆನ್ನಿನಲ್ಲಿ ತಗ್ಗು ಮಾಡಿ ತೂಕವನ್ನೆಲ್ಲ ಅಂಚಿಗೆ ಒಯ್ದಿರುವುದರಿಂದ ಪೆಟ್ಟು ಕೊಂಚ ಆಚೀಚೆ ಬಿದ್ದರೂ ತಲೆ ತಿರುಚಿಕೊಳ್ಳದು. ಮೇಣದಲ್ಲಿ ಅಚ್ಚು ಮಾಡಿ, ಸುತ್ತ ಕವಚ ಕಟ್ಟಿ, ಮೇಣ ಕರಗಿಸಿ ಲೋಹ ಹೊಯ್ಯುವ ವಿಧಾನವಂತೆ. ನಮ್ಮ ಉತ್ಸವಮೂರ್ತಿಗಳನ್ನು ಎರಕ ಹೊಯ್ಯುವ ಶಿಲ್ಪಿಗಳೂ ಇದನ್ನೇ ಅಲ್ಲವೇ ಮಾಡುವುದು?

ಅಂಚಿಗೆ ತೂಕ ಒಯ್ಯುವ ಈ ಉಪಾಯವನ್ನು ಬಳಕೆಗೆ ತಂದವರಲ್ಲಿ ಮುಖ್ಯರು ಕಾರ್ಸ್ಟನ್ ಸೋಲ್ಹೈಮ್ ಎಂಬುವರೆಂದು ಆಮೇಲೆ ಓದಿ ತಿಳಿದೆ. 1911ರಲ್ಲಿ ನಾರ್ವೆಯಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದ ಮನುಷ್ಯ. ತಂದೆಯ ಅಂಗಡಿಯಲ್ಲಿ ಜೋಡು ಹೊಲಿಯುತ್ತಿದ್ದವರು ಮುಂದೆ ಇಂಜಿನಿಯರಾದರು. ಗಾಲ್ಫ್ ಕಲಿಯತೊಡಗಿದ್ದು 42ನೆಯ ವಯಸ್ಸಿನಲ್ಲಿ; ಚೆಂಡು ಗುಳಿಗೆ ಬೀಳಲೊಲ್ಲದೆಂದು 1959ರಲ್ಲಿ ತಾವೇ ಒಂದು ಕೋಲು ಮಾಡಿಕೊಂಡರು. ತಡವಾಗಿ ಕಲಿಯಹೊರಟ ಈ ಪುಣ್ಯಾತ್ಮರಿಂದ ನಮ್ಮಂಥವರಿಗೆ ಎಷ್ಟು ಉಪಕಾರವಾಗಿದೆ!

ಅಂದು ಮೆಟ್ರೋದಲ್ಲಿ ಹಿಂದಿರುಗುವಾಗ ನನಗೆ ನೆನಪಾದದ್ದು ವಿದ್ಯಾರ್ಥಿನಿಲಯದ ಹಿಂದಿನ ಬಯಲು. ಅಲ್ಲಿ ನಾವು ಚಿನ್ನಿದಾಂಡು ಆಡುತ್ತಿದ್ದೆವು. ದಾಂಡನ್ನು ಯಾರೂ ಕೊಂಡವರಿಲ್ಲ. ಹುಣಸೆಯದೋ ಜಾಲಿಯದೋ ಕೊಂಬೆ ಕಡಿದು ತನ್ನ ತನ್ನ ತೋಳಿನ ಅಳತೆಗೆ ತುಂಡು ಮಾಡಿಕೊಳ್ಳುವುದು. ದೊಡ್ಡ ಹುಡುಗನ ದಾಂಡನ್ನು ಹಿಡಿದ ಚಿಕ್ಕವನು ಚಿನ್ನಿಯನ್ನು ಎಬ್ಬಿಸಲಾರ. ಹತ್ತು ವರ್ಷದ ಹುಡುಗರಿಗೆ ತಿಳಿದಿದ್ದ ಈ ಸಂಗತಿಯನ್ನು 64ರಲ್ಲಿ ನಾನು ಮರೆತಿದ್ದೆ.

ಆಟದ ನಿಯಮದಂತೆ ಚೀಲದಲ್ಲಿ 14ಕ್ಕಿಂತ ಹೆಚ್ಚು ಕೋಲುಗಳು ಇರಕೂಡದು. ಹಿಂದೆ ಕೆಲವರು 20ಕ್ಕೂ ಮಿಕ್ಕಿ ಹೊರಿಸಿಕೊಂಡು ತಿರುಗುತ್ತಿದ್ದುದರಿಂದ 1938ರಲ್ಲಿ ಅಮೆರಿಕದವರೂ ಮರುವರ್ಷ ಬ್ರಿಟನ್ನಿನವರೂ ಈ ಮಿತಿ ಹಾಕಿದರು. ಇದು ಮೇಲಿನ ಮಿತಿ, ಕೆಳಗಿನ ಮಿತಿಯಿಲ್ಲ. ಹೊಸಬರು ಇದನ್ನು ಗಮನಿಸದೆ 14 ಇರಲೇಬೇಕೆಂದು ಭಾವಿಸಿ ಹಣ ಕಳೆಯುತ್ತಾರೆ. ನಾನು ಕೊನೆಗೆ ಕೊಂಡದ್ದು ಏಳು. ಊರು ಬಿಟ್ಟು ಹೋಗುತ್ತಿದ್ದ ಹಿರಿಯರೊಬ್ಬರ ಬಳಸಿದ ಸೆಟ್ಟಿನಿಂದ, ಮೆದು ಗ್ರಾಫೈಟ್ ದಂಡದ ಆರು ಕೋಲುಗಳನ್ನು 11,500 ರೂಪಾಯಿಗೆ ಆರಿಸಿಕೊಂಡೆ: ಏಳು ಮತ್ತು ಒಂಬತ್ತನೆಯ ಐರನ್ನುಗಳು, ಒಂದು ಪಿಚಿಂಗ್ ವೆಜ್, ಮರಳುಗುಂಡಿಯಿಂದ ಚೆಂಡೆತ್ತಲು ಒಂದು ಸ್ಯಾಂಡ್ ವೆಜ್, ದೂರದ ಹೊಡೆತಕ್ಕೆ ಒಂದು ಹೈಬ್ರಿಡ್, ಮತ್ತೊಂದು ಓರೆ ಹೆಚ್ಚಿರುವ ವುಡ್. ಅಂಕಿ ಹೆಚ್ಚಿದಂತೆ ಕೋಲಿನ ಮುಖ ಹೆಚ್ಚು ಓರೆ. ಚೆಂಡು ಎತ್ತರಕ್ಕೆ ಏರಿ ಹತ್ತಿರ ಬೀಳುವುದು. ಏಳನೆಯದರ ಓರೆ ಸಾಮಾನ್ಯವಾಗಿ 30ರಿಂದ 35 ಡಿಗ್ರಿ. ಕಲಿಯುವವನು ಮೊದಲ ಕೆಲವು ತಿಂಗಳು ಇದೊಂದನ್ನೇ ಹಿಡಿದು ಕಳೆದರೂ ನಷ್ಟವಿಲ್ಲ. ಡ್ರೈವರನ್ನು ನಾನು ಮತ್ತೆ ಕೊಳ್ಳಲಿಲ್ಲ. ಕಾರಣ ಹೇಳಬೇಕಾಗಿಲ್ಲವಷ್ಟೆ.

ಹಳೆಯ ಕೋಲು ಕೊಳ್ಳುವವರು ಕೆಲವನ್ನು ನೋಡಿಕೊಳ್ಳತಕ್ಕದ್ದು. ಅಲುಗಿಸಿದಾಗ ತಲೆಯೊಳಗೆ ಗಿಲಕಿಯಂತೆ ಸದ್ದಾಗಬಾರದು. ತಲೆಯೂ ದಂಡವೂ ಕೂಡುವ ಕುತ್ತಿಗೆಯ ಮೇಲೆ ಉಗುರಾಡಿಸಿ ಬಿರುಕಿದೆಯೇ ಎಂದು ನೋಡಬೇಕು. ಹೊಸ ಬಣ್ಣ ಕಂಡರೆ ಅನುಮಾನಿಸಬೇಕು. ಹಿಡಿಯ ರಬ್ಬರು ಗಟ್ಟಿಯಾಗಿದ್ದರೆ ಹೆದರಬೇಕಾಗಿಲ್ಲ, ಅಲ್ಪ ಖರ್ಚಿನಲ್ಲಿ ಬದಲಾಯಿಸಬಹುದು. ಬೆಲೆ ಇಳಿಸಲು ಅದೊಂದು ನೆಪವೂ ಆಗುತ್ತದೆ. ಉದ್ದವನ್ನು ಆಳಿನ ಎತ್ತರದಿಂದಲೇ ನಿರ್ಣಯಿಸಬಾರದು. ನೆಟ್ಟಗೆ ನಿಂತು ಕೈ ಇಳಿಬಿಟ್ಟಾಗ ಮಣಿಕಟ್ಟಿನಿಂದ ನೆಲಕ್ಕೆ ಎಷ್ಟೆಂಬುದನ್ನೂ ಅಳೆಯಬೇಕು. ಹೊಸತೇ ಬೇಕೆನ್ನುವವರಿಗೆ ವೈಟ್‌ಫೀಲ್ಡ್, ಸರ್ಜಾಪುರ ರಸ್ತೆಯ ಕಡೆ ಮಳಿಗೆಗಳಿರುವ ಡೆಕಾಥ್ಲಾನ್‌ನವರ ಇನೆಸಿಸ್ ಎಂಬ ಹೆಸರಿನ ಕೋಲುಗಳಿವೆ, ಕಲಿಯುವವರಿಗೆಂದೇ ಮಾಡಿದಂಥವು. ಚೆಂಡಿಗಂತೂ ಹೆಚ್ಚು ಹಣ ಸುರಿಯಬೇಡಿ. ಹೊಸಬರ ಚೆಂಡು ಕೆರೆಗೋ ಪೊದೆಗೋ ನೈವೇದ್ಯವಾಗುವುದೇ ಹೆಚ್ಚು.

ಮಕ್ಕಳಿರುವ ಮನೆಯವರಿಗೆ ಒಂದು ವಿಜ್ಞಾಪನೆ. ಅಪ್ಪನ ಹಳೆಯ ಕೋಲನ್ನು ಕತ್ತರಿಸಿ ಮಗುವಿನ ಕೈಗೆ ಕೊಡುವ ಪದ್ಧತಿಯುಂಟು. ದಂಡ ಮೋಟಾದಷ್ಟೂ ಬಿಗಿಯಾಗುತ್ತದೆ, ತಲೆಯ ಭಾರ ಹಾಗೆಯೇ ಉಳಿಯುತ್ತದೆ. ಮಗು ತೋಳಿನಿಂದ ಬೀಸುವುದನ್ನು ಬಿಟ್ಟು ಮೈಯನ್ನೆಲ್ಲ ತಿರುಚಿ ಎಳೆಯತೊಡಗುತ್ತದೆ. ಮಕ್ಕಳ ಅಳತೆಯ ಎರಡು ಮೂರು ಕೋಲು ಸಾಕು.

ಏಳನೆಯ ಕೋಲಿನ ವಿಚಾರ ಹೇಳದೆ ಉಳಿಸಿದೆ. ಅದು ಪಟ್ಟರ್, ಚೆಂಡನ್ನು ಗುಳಿಗೆ ಉರುಳಿಸುವ ಕೋಲು. "ಇದೊಂದನ್ನು ನೀನೇ ಕೊಡಿಸಬೇಕಪ್ಪ" ಎಂದು ಮಗನನ್ನು ಕೇಳಿದೆ. ಅವನು ಕ್ಷಣಹೊತ್ತು ನನ್ನ ಮುಖವನ್ನೇ ನೋಡಿದ. ಆ ಭಾನುವಾರ ಮುಕ್ಕಾಲು ಗಂಟೆ ನಿಲ್ಲಿಸಿ, ಬಾಗಿಸಿ, ಕಣ್ಣು ಚೆಂಡಿನ ನೇರಕ್ಕೆ ಬರುತ್ತದೆಯೇ ಎಂದು ನೆಲದ ಮೇಲೆ ಕುಳಿತು ನೋಡಿ, 3,200 ರೂಪಾಯಿಯದೊಂದನ್ನು ಆರಿಸಿದ. ಬೆಲೆಯ ಬಗ್ಗೆ ನಾನು ಉಸಿರೆತ್ತಲಿಲ್ಲ.

ಜೂನ್ ತಿಂಗಳ ಒಂದು ಶನಿವಾರ ಅಭ್ಯಾಸದ ಬಯಲಿನಲ್ಲಿದ್ದೆವು. ಏಳನೆಯ ಐರನ್ನಿನಿಂದ ಹೊಡೆದ ಚೆಂಡು ನೆಟ್ಟಗೆ ಮೇಲೆದ್ದು ನೂರು ಗಜದ ಹಲಗೆಯ ಹತ್ತಿರ ಬಿದ್ದಿತು. ಹಿಂದಿರುಗಿ ನೋಡಿದರೆ ಮಗ ಬೆಂಚಿನ ಮೇಲೆ ತಲೆ ತಗ್ಗಿಸಿ ಕುಳಿತಿದ್ದ. "ಅಪ್ಪಾಜಿ, ಕೆಲಸ ಹೋಗಿದೆ" ಎಂದ. ದಿನವೂ ಬೆಳಿಗ್ಗೆ ಲ್ಯಾಪ್‌ಟಾಪ್ ಚೀಲ ಹಿಡಿದು ಹೊರಡುತ್ತಿದ್ದವನು ಯಾವುದೋ ಕಾಫಿ ಅಂಗಡಿಯಲ್ಲಿ ಕುಳಿತು ಅರ್ಜಿ ಬರೆಯುತ್ತಿದ್ದನಂತೆ. ಯಾವಾಗಿನಿಂದ ಎಂದು ಕೇಳಿದೆ. 2 ಲಕ್ಷದ ಆ ಸೆಟ್ಟನ್ನು ನೋಡಲು ಹೋಗುವುದಕ್ಕೆ ಎರಡು ವಾರ ಮುಂಚಿನಿಂದ, ಎಂದ.

ನನಗೆ ಮಾತು ಹೊರಡಲಿಲ್ಲ. ಹೋಗಿ ಅವನ ಪಕ್ಕದಲ್ಲಿ ಕುಳಿತೆ. ಸೊಸೆಗೆ ಹೇಳಿದ್ದೀಯಾ ಎಂದರೆ ಇಲ್ಲವೆಂದು ತಲೆಯಾಡಿಸಿದ. ಇವತ್ತೇ ಹೇಳು, ನಾನೂ ಜೊತೆಗಿರುತ್ತೇನೆ ಎಂದೆ. ಬಕೆಟ್ಟಿನಲ್ಲಿ ಇನ್ನೂ ಇಪ್ಪತ್ತರಷ್ಟು ಚೆಂಡುಗಳಿದ್ದವು. ನನ್ನ ಕೋಲಿನಿಂದಲೇ ಅವನೊಂದು, ನಾನೊಂದು ಹೊಡೆದು ಮುಗಿಸಿ, ಚೀಲವನ್ನು ಅವನು ಹೊತ್ತುಕೊಂಡ, ಮನೆಗೆ ಬಂದೆವು.