ಹೊಳೆ ಕೊಯ್ದ ಗೋಡೆ

ಪೆರುವಿನ ಉತ್ತರ ಕರಾವಳಿಯ ತ್ರುಹಿಯೊ ನಗರದ ಹೊರಗೆ, ಮೋಚೆ ಹೊಳೆಯ ಬಯಲಿನಲ್ಲಿ ಎರಡು ಮಣ್ಣಿನ ಪಿರಮಿಡ್ಡುಗಳು ಎದುರುಬದುರಾಗಿ ನಿಂತಿವೆ. ಒಂದು ಸೂರ್ಯನದು, ಇನ್ನೊಂದು ಚಂದ್ರನದು. ಈ ಹೆಸರುಗಳು ಬಹಳ ಈಚಿನವು. ಸುಮಾರು 1,500 ವರ್ಷಗಳ ಹಿಂದೆ ಇಲ್ಲಿ ಬಾಳಿದ ಮೋಚೆ ಜನ ಬರಹ ಬಿಟ್ಟುಹೋಗಿಲ್ಲ.

ನಾನು ಹತ್ತಿದ್ದು ಚಂದ್ರನದನ್ನು. ಹಳೆಯ ಗುಡಿಯ ಅಂಗಳಗಳನ್ನು ಇಟ್ಟಿಗೆಯಿಂದ ತುಂಬಿಸಿ, ಅದರ ಮೇಲೆಯೇ ಹೊಸ ಗುಡಿ ಕಟ್ಟುತ್ತ ಹೋಗಿದ್ದಾರೆ. ಹಾಗೆ ಹೂತದ್ದರಿಂದಲೇ ಗೋಡೆಯ ಕೆಂಪು, ಹಳದಿ ಬಣ್ಣ ಇನ್ನೂ ಮಾಸಿಲ್ಲ. ಕೋರೆಹಲ್ಲಿನ ದೇವರ ಮುಖದೆದುರು ಎಲ್ಲರೂ ಫೋಟೋ ತೆಗೆದರು, ನಾನೂ ತೆಗೆದೆ. ಆದರೆ ಕಾಲು ನಿಂತದ್ದು ಬಣ್ಣವೇ ಇಲ್ಲದ ಒಂದು ಗೋಡೆಯ ಮುಂದೆ. ಬಿಸಿಲಿಗೆ ಒಣಗಿಸಿದ ಹಸಿ ಇಟ್ಟಿಗೆಗಳು. ಒಂದರ ಮೇಲೆ ಬೆರಳಿನಿಂದ ಒತ್ತಿದ ಬೊಟ್ಟು, ಮತ್ತೊಂದರ ಮೇಲೆ ಗೀಟು, ಇನ್ನೊಂದರ ಮೇಲೆ ಸುತ್ತು.

ಸೂರ್ಯನ ಪಿರಮಿಡ್ಡಿಗೆ ಹದಿಮೂರು ಕೋಟಿಗೂ ಹೆಚ್ಚು ಇಟ್ಟಿಗೆ ಹಿಡಿದಿರಬೇಕೆಂಬ ಅಂದಾಜಿದೆ. ಅಲ್ಲಿ ಇಂಥ ನೂರಕ್ಕೂ ಹೆಚ್ಚು ಬಗೆಯ ಗುರುತುಗಳು ಸಿಕ್ಕಿವೆ. ಒಂದೊಂದು ಊರಿನವರು ತಮ್ಮ ಪಾಲಿನ ಬಿಟ್ಟಿ ದುಡಿಮೆಯ ಲೆಕ್ಕಕ್ಕೆ ಹಾಕಿದ ಗುರುತು ಇರಬಹುದೆಂದು ಕೆಲವು ವಿದ್ವಾಂಸರ ಊಹೆ. ಅಷ್ಟೇ ಅಲ್ಲ, ಇಟ್ಟಿಗೆಗಳನ್ನು ಒಂದಕ್ಕೊಂದು ಹೆಣೆಯದೆ ಕಂಬ ಕಂಬವಾಗಿ, ಪಕ್ಕಪಕ್ಕದಲ್ಲಿ ಪೇರಿಸಿದ್ದಾರೆ. ನಿಮ್ಮ ಪಾಲು ಇಲ್ಲಿಗೆ, ನಮ್ಮದು ಇಲ್ಲಿಂದ ಎನ್ನುವ ಹಾಗೆ. ದೇವರ ಕೆಲಸದಲ್ಲೂ ಲೆಕ್ಕ ಲೆಕ್ಕವೇ!

ಕಟ್ಟಡದ ಹೊಟ್ಟೆಯೊಳಗಿನ ಈ ಲೆಕ್ಕ ಹೊರಗೆ ಬಿದ್ದದ್ದು ಹೇಗೆ? 17ನೇ ಶತಮಾನದ ಆರಂಭದಲ್ಲಿ ಸ್ಪೇನಿನವರು ಚಿನ್ನದ ಆಸೆಗೆ ಹೊಳೆಯನ್ನೇ ತಿರುಗಿಸಿ ಸೂರ್ಯನ ಪಿರಮಿಡ್ಡಿನ ಬುಡಕ್ಕೆ ಬಿಟ್ಟರು. ಅಗೆಯುವ ಶ್ರಮವನ್ನು ನೀರಿಗೆ ವಹಿಸಿದರು. ಸುಮಾರು ಮೂರರಲ್ಲಿ ಎರಡು ಪಾಲು ಕೊಚ್ಚಿಹೋಯಿತು. ಉಳಿದದ್ದೇ ನಲವತ್ತು ಮೀಟರಿನಷ್ಟು ಎತ್ತರವಿದೆ. ನೀರು ಕೊಯ್ದ ಆ ಮೈಯಲ್ಲಿ ಕಂಬಗಳೂ ಗುರುತುಗಳೂ ಬಯಲಾದವು. ಕಳ್ಳರು ಬಾರದೆ ಹೋಗಿದ್ದರೆ ಆ ಬೊಟ್ಟುಗಳು ಕತ್ತಲಲ್ಲೇ ಇರುತ್ತಿದ್ದವು. ಅವರ ಕೇಡಿನಿಂದಲೇ ನನಗೆ ಈ ನೋಟ ದಕ್ಕಿತಲ್ಲ ಎಂದು ಕಸಿವಿಸಿಯಾಯಿತು. ಅವರನ್ನು ಬೈಯಲು ಬಾಯಿ ಬರಲಿಲ್ಲ, ಬೈಯದೆ ಇರಲೂ ಆಗಲಿಲ್ಲ.

ಬೊಟ್ಟಿನ ಗುಳಿ ನನ್ನ ಹೆಬ್ಬೆರಳಿಗೆ ಸರಿಹೊಂದುವಂತಿತ್ತು. ಕೈ ತಾನಾಗಿ ಮುಂದೆ ಹೋಯಿತು. ಜೊತೆಗಿದ್ದ ಗೈಡ್ ಮಾತಾಡದೆ ತಲೆಯಾಡಿಸಿದಳು. ಕೈ ಜೇಬಿಗಿಟ್ಟುಕೊಂಡು, ಎದುರಿಗೆ ಅರ್ಧ ಕಿಲೋಮೀಟರ್ ದೂರದಲ್ಲಿ ಮುರಿದು ನಿಂತಿದ್ದ ಸೂರ್ಯನ ಪಿರಮಿಡ್ಡನ್ನು ನೋಡುತ್ತ ಇಳಿದೆ.